ಸಾಗಾಟದ ಖರ್ಚು ಯಾರ ಲೆಕ್ಕಕ್ಕೆ?

(ನಮ್ಮ ಸಂಘದ ರಜತ ಮಹೋತ್ಸವದ ಎರಡನೆಯ ದಿನ ನಡೆದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಭಾಷಣ ಮಾಡುವುದು ನಮಗೆ ರೂಢಿಯಿಲ್ಲ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಆಮೇಲೆ ಕಲಿತದ್ದೆಲ್ಲ ತೋಟದಲ್ಲಿ, ಆಲೆಮನೆಯಲ್ಲಿ ಮತ್ತು ಈ ಸಂಘದ ಜಗುಲಿಯ ಮೇಲೆ. ನಿನ್ನೆಯಿಂದ ಇಲ್ಲಿ ಮಾತನಾಡಿದ ಮಹನೀಯರು ಸಹಕಾರದ ಚರಿತ್ರೆಯನ್ನು ಬಹಳ ಚೆನ್ನಾಗಿ ಹೇಳಿದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪ ಇಲ್ಲಿಯವರೆಗೆ ಹೇಗೆ ಬಂತು ಅನ್ನುವುದನ್ನು ಕೇಳಿ ನಮಗೂ ಹೆಮ್ಮೆಯಾಯಿತು. ಆದರೆ ಅಧ್ಯಕ್ಷರು ನಮಗೆ ಕೊಟ್ಟ ವಿಷಯ ಬೇರೆ. "ಮಾರಾಟ ವಿಭಾಗದ ವಿಚಾರ ನಾಲ್ಕು ಮಾತು ಹೇಳಿ, ಉಳಿಸಬೇಕೋ ಮುಚ್ಚಬೇಕೋ ಅಂತ ಜನ ಕೇಳ್ತಾ ಇದ್ದಾರೆ" ಅಂದರು. ಆದ್ದರಿಂದ ಹಬ್ಬದ ದಿನವೇ ಖರ್ಚಿನ ಮಾತು ಎತ್ತುತ್ತಿದ್ದೇವೆ, ಕ್ಷಮಿಸಬೇಕು.

ಮಾರಾಟ ವಿಭಾಗ ಹುಟ್ಟಿದ ಕಥೆ ತಮಗೆಲ್ಲ ಗೊತ್ತಿದ್ದದ್ದೇ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಆಲೆಮನೆ ಮುಗಿಸಿ ಬೆಲ್ಲ ಡಬ್ಬಿಗೆ ತುಂಬಿ ಕುಳಿತಿದ್ದೆವು, ಕೊಳ್ಳುವ ವ್ಯಾಪಾರಿ ಬರಲಿಲ್ಲ. ಆಗ ನಮ್ಮೂರಿನಿಂದ ಬೆಂಗಳೂರಿಗೆ ಹೋಗಿ ನೌಕರಿಯಲ್ಲಿರುವ ಹುಡುಗರು ಫೋನು ಮಾಡಿ, "ಊರಿನ ಬೆಲ್ಲ, ಹಪ್ಪಳ, ಉಪ್ಪಿನಕಾಯಿ ಇಲ್ಲಿ ಸಿಗೋದಿಲ್ಲ, ಕಳಿಸಿಕೊಡಿ" ಅಂದರು. ದಾರಿ ತೆರೆದ ಮೇಲೆ ಕಳಿಸಿದೆವು. ಅವರ ಅಕ್ಕಪಕ್ಕದವರೂ ಕೇಳಿದರು. ಹೀಗೆ ಶುರುವಾದದ್ದು. ಹಲಸಿನ ಹಪ್ಪಳ, ಅಪ್ಪೆಮಿಡಿ, ಜೋನಿಬೆಲ್ಲ, ಅಚ್ಚುಬೆಲ್ಲ, ಜೇನು, ಕಾಳುಮೆಣಸು, ಏಲಕ್ಕಿ, ಮುರುಗಲು ಸಿಪ್ಪೆ ಇವಿಷ್ಟು ನಮ್ಮ ಸರಕು. ಬೇಡಿಕೆಗೆ ಕೊರತೆ ಇರಲಿಲ್ಲ. ಮಾಲಿನ ಗುಣಕ್ಕೂ ಯಾರೂ ಹೆಸರಿಡಲಿಲ್ಲ. ಪೆಟ್ಟು ಬಿದ್ದದ್ದು ನಾವು ಯಾರೂ ಯೋಚಿಸದ ಕಡೆಯಿಂದ. ಅದು ಸಾಗಾಟದ ಖರ್ಚು.

ಮೊದಲು ನಮ್ಮ ತಪ್ಪನ್ನು ನಾವೇ ಹೇಳಿಬಿಡುತ್ತೇವೆ. 2021ರ ದೀಪಾವಳಿ ಹೊತ್ತಿಗೆ ಗಿರಾಕಿಗಳು ಒಂದೇ ಮಾತು ಕೇಳತೊಡಗಿದರು. "ದೊಡ್ಡ ಕಂಪನಿಯವರು ಮನೆಬಾಗಿಲಿಗೆ ಪುಕ್ಕಟೆ ತಂದುಕೊಡ್ತಾರೆ, ನೀವು ಯಾಕೆ ನೂರು ರೂಪಾಯಿ ಕೇಳ್ತೀರಿ?" ನಾವು ಆಡಳಿತ ಮಂಡಳಿಯಲ್ಲಿ ಎದ್ದು ನಿಂತು, 500 ರೂಪಾಯಿಗೆ ಮೇಲ್ಪಟ್ಟ ಖರೀದಿಗೆ ಸಾಗಾಟ ಉಚಿತ ಅಂತ ಮಾಡೋಣ ಎಂದು ಸೂಚಿಸಿದೆವು. ಕಾರ್ಯದರ್ಶಿಯವರು ಬೇಡ ಅಂದಿದ್ದರು. ನಾವೇ ಹಟ ಹಿಡಿದು ಠರಾವು ಮಾಡಿಸಿದೆವು.

ಏನಾಯಿತು ನೋಡಿ. ಗಿರಾಕಿ ಬುದ್ಧಿವಂತ. 7 ಕೆ.ಜಿ. ಅಚ್ಚುಬೆಲ್ಲ, ನಮ್ಮ ದರ ಕೆ.ಜಿ.ಗೆ 70, ಒಟ್ಟು 490. ಅದಕ್ಕೆ 50 ರೂಪಾಯಿಯ ಒಂದು ಕಟ್ಟು ಹಪ್ಪಳ. ಒಟ್ಟು 540 ಆಯಿತು, ಸಾಗಾಟ ಪುಕ್ಕಟೆ. ಪೆಟ್ಟಿಗೆ ಸೇರಿ ತೂಕ 8 ಕೆ.ಜಿ. ಆಗಿನ ಸ್ಪೀಡ್ ಪೋಸ್ಟ್ ದರ 200 ಕಿಲೋಮೀಟರಿಗೆ ಮೇಲ್ಪಟ್ಟು 1000ದ ಒಳಗಿನ ಊರಿಗೆ ಮೊದಲ ಅರ್ಧ ಕೆ.ಜಿ.ಗೆ 60, ಆಮೇಲಿನ ಪ್ರತಿ ಅರ್ಧ ಕೆ.ಜಿ.ಗೆ 30. ಲೆಕ್ಕ ಹಾಕಿದರೆ 510. ಅದರ ಮೇಲೆ ನೂರಕ್ಕೆ 18 ಜಿ.ಎಸ್.ಟಿ. ಸೇರಿ 601 ರೂಪಾಯಿ 80 ಪೈಸೆ. ಒಳಗಿನ ಮಾಲಿಗೆ 540, ಅದನ್ನು ಹೊರುವುದಕ್ಕೆ 601! ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಅಂಚೆ ಬಿಟ್ಟು ಏಜೆಂಟರ ಮೂಲಕ ಕೊರಿಯರ್ ಹಿಡಿದೆವು. ಅವರು ಕೆ.ಜಿ.ಗೆ ನಲವತ್ತರಂತೆ ಒಪ್ಪಿದರು. ಆದರೂ 8 ಕೆ.ಜಿ.ಗೆ 320. ಬೆಲ್ಲದಲ್ಲಿ ಸಂಘಕ್ಕೆ ಉಳಿಯುತ್ತಿದ್ದದ್ದು ಕೆ.ಜಿ.ಗೆ ಏಳು ರೂಪಾಯಿ. ಆ ವರ್ಷದ ಆಡಿಟ್‌ನಲ್ಲಿ ಮಾರಾಟ ವಿಭಾಗದ ಎದುರಿಗೆ 41,000 ರೂಪಾಯಿ ನಷ್ಟ ಬರೆದದ್ದು ಹೀಗೆ. ವಾರ್ಷಿಕ ಸಭೆಯಲ್ಲಿ ತಾವು ಕೇಳಿದ ಪ್ರಶ್ನೆಗಳಿಗೆ ಆ ದಿನ ನಮ್ಮಲ್ಲಿ ಉತ್ತರ ಇರಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದೆವು. ಉತ್ತರ ಹುಡುಕುವುದಕ್ಕೆ ನಂತರ ಎರಡು ವರ್ಷ ಬೇಕಾಯಿತು. ಅದನ್ನೇ ಈಗ ಹೇಳುವುದು.

ದೊಡ್ಡವರು ಪುಕ್ಕಟೆ ಕೊಡುವುದು ಹೇಗೆ? ಮೊದಲನೆಯದಾಗಿ ಅದು ಪುಕ್ಕಟೆ ಅಲ್ಲವೇ ಅಲ್ಲ. ಅಮೆಜಾನ್ ಕಂಪನಿ ನಮ್ಮ ದೇಶದಲ್ಲಿ 2013ರಲ್ಲಿ ಅಂಗಡಿ ತೆರೆಯಿತು. 2016ರಲ್ಲಿ ಪ್ರೈಮ್ ಅಂತ ಒಂದು ಸದಸ್ಯತ್ವ ಮಾಡಿ ಮೊದಲಿಗೆ ವರ್ಷಕ್ಕೆ 499 ರೂಪಾಯಿ ತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಅದನ್ನು 1,499 ಮಾಡಿತು. ಅಂದರೆ ಸಾಗಾಟದ ಹಣವನ್ನು ಗಿರಾಕಿ ವರ್ಷದ ಆರಂಭದಲ್ಲೇ ಒಟ್ಟಿಗೆ ಕಟ್ಟಿರುತ್ತಾನೆ. ಕಟ್ಟಿದ್ದು ಮರೆತುಹೋಗುತ್ತದೆ, ಪುಕ್ಕಟೆ ಬಂದದ್ದು ನೆನಪಿರುತ್ತದೆ. ಉಳಿದದ್ದನ್ನು ಅವರು ಮಾರುವವರ ಕಮಿಷನ್ನಿನಲ್ಲಿ ಹಿಡಿಯುತ್ತಾರೆ. ಫ್ಲಿಪ್‌ಕಾರ್ಟ್ 2007ರಲ್ಲಿ ನಮ್ಮ ಬೆಂಗಳೂರಿನಲ್ಲೇ ಇಬ್ಬರು ಹುಡುಗರು ಪುಸ್ತಕ ಮಾರಲು ಶುರು ಮಾಡಿದ್ದು. ಅದಕ್ಕೂ ಬಂಡವಾಳಗಾರರು ವರ್ಷಾನುಗಟ್ಟಲೆ ನಷ್ಟ ತುಂಬಿ ನೀರೆರೆದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಅದರ ಬಹುಪಾಲು ಷೇರು ಕೊಂಡಿತು. ನಷ್ಟವನ್ನು ಹತ್ತು ವರ್ಷ ತಾಳುವ ಶಕ್ತಿ ಅವರಿಗಿದೆ. ನಮಗೆ ಒಂದು ಆಡಿಟ್ ವರ್ಷ ತಾಳುವುದೇ ಕಷ್ಟ.

ಎರಡನೆಯದು ಮುಖ್ಯ. ಅವರ ಮಾಲು ದೂರ ಹೋಗುವುದೇ ಇಲ್ಲ. ಗಿರಾಕಿ ಗುಂಡಿ ಒತ್ತುವುದಕ್ಕೆ ಮುಂಚೆಯೇ ಮಾಲು ಲಾರಿಗಟ್ಟಲೆ ಬಂದು ಪಟ್ಟಣದ ಅಂಚಿನ ಗೋಡೌನಿನಲ್ಲಿ ಕುಳಿತಿರುತ್ತದೆ. ಲಾರಿ ಲೋಡಿನಲ್ಲಿ ಬಂದ ಮಾಲಿಗೆ ಕೆ.ಜಿ.ಗೆ ಬೀಳುವ ಬಾಡಿಗೆ ಎಷ್ಟು? ಮೂರು ರೂಪಾಯಿ, ನಾಲ್ಕು ರೂಪಾಯಿ. ನಮ್ಮದೋ ಒಂದೊಂದು ಪೆಟ್ಟಿಗೆ ಒಬ್ಬೊಬ್ಬನೇ ಮದುಮಗನ ಹಾಗೆ ಸಾಗರದಿಂದ ಬೆಂಗಳೂರಿಗೆ ಪ್ರಯಾಣ ಮಾಡುತ್ತಿತ್ತು.

ಕೊರಿಯರಿನ ಇನ್ನೊಂದು ಲೆಕ್ಕ ಹೇಳಬೇಕು, ಯಾಕೆಂದರೆ ಇದರಲ್ಲಿ ನಾವು ಎರಡು ಸಲ ಮೋಸಹೋದೆವು. ಮೋಸ ಅನ್ನುವುದು ಸರಿಯಲ್ಲ, ಅದು ಅವರ ಕಾಯಿದೆ, ನಮಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ಒಂದು ತೂಕ, ತಕ್ಕಡಿಯದು ಇನ್ನೊಂದು ತೂಕ. ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ಹಲಸಿನ ಚಿಪ್ಸ್ ಪುಡಿಯಾಗಬಾರದು ಅಂತ 40, 30, 25ರ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿ ಕಳಿಸಿದೆವು. ತಕ್ಕಡಿಯಲ್ಲಿ ಒಂದೂವರೆ ಕೆ.ಜಿ. ಗುಣಿಸಿದರೆ 30,000, ಭಾಗಿಸಿದರೆ 6. ಒಂದೂವರೆ ಕೆ.ಜಿ. ಮಾಲಿಗೆ 6 ಕೆ.ಜಿ. ಬಾಡಿಗೆ! ಗಾಳಿಗೂ ಬಾಡಿಗೆ ಕೊಟ್ಟ ಹಾಗಾಯಿತು. ಹಪ್ಪಳ ಮಾಡುವ ತಾಯಂದಿರಿಗೆ ಇದನ್ನು ಹೇಳಿದಾಗ ಅವರಲ್ಲೇ ಒಬ್ಬರು, "ಹಾಗಾದ್ರೆ ಹಪ್ಪಳ ಸಣ್ಣದು ಒತ್ತಿ ಬಿಗಿಯಾಗಿ ಅಡುಕಿ ಕಟ್ಟಿದರಾಯ್ತಲ್ಲ" ಅಂದರು. ಹಪ್ಪಳದ ಅಗಲ ಅರ್ಧ ಇಂಚು ಕಡಿಮೆಯಾದದ್ದು ಅಂದಿನಿಂದ. ಚಿಪ್ಸ್ ಅನ್ನು ದೂರದ ಪಟ್ಟಿಯಿಂದಲೇ ತೆಗೆದೆವು.

ಏಲಕ್ಕಿಯದು ಇನ್ನೂ ಸಣ್ಣ ಲೆಕ್ಕ, ಆದರೆ ಕೇಳುವಂಥದ್ದು. 200 ಗ್ರಾಂ ಪೊಟ್ಟಣ ಮಾಡಿದ್ದೆವು. ಆ ದರಪಟ್ಟಿಯಲ್ಲಿ 200 ಗ್ರಾಂ ತನಕ ಬೆಂಗಳೂರಿಗೆ 40, ತೆರಿಗೆ ಸೇರಿ 47 ರೂಪಾಯಿ 20 ಪೈಸೆ. ಆದರೆ ಲಕೋಟೆ, ಒಳಗಿನ ಡಬ್ಬಿ ಸೇರಿ ತೂಕ 230 ಗ್ರಾಂ ಆಗುತ್ತಿತ್ತು. ಆ 30 ಗ್ರಾಂ ದೆಸೆಯಿಂದ ಮುಂದಿನ ಮೆಟ್ಟಿಲಿಗೆ ಹೋಗಿ 70 ರೂಪಾಯಿ 80 ಪೈಸೆ. ವರ್ಷವಿಡೀ ಹಾಗೇ ಕಳಿಸಿದ್ದೇವೆ. ಪೊಟ್ಟಣವನ್ನು 150 ಗ್ರಾಂಗೆ ಇಳಿಸಿದ್ದು ಅಂಚೆ ಕಚೇರಿಯ ಗುಮಾಸ್ತರೊಬ್ಬರು ಕರುಣೆಯಿಂದ ಹೇಳಿದ ಮೇಲೆ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ದರವೂ ತೂಕದ ಮೆಟ್ಟಿಲೂ ಬದಲಾಗಿವೆ, ಆದ್ದರಿಂದ ಹಳೆಯ ಅಂಕಿ ಇಟ್ಟುಕೊಂಡು ಯಾರೂ ಕಳಿಸಬೇಡಿ. ಹೊಸ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸಿದೆ.

ಇನ್ನು ಜೋನಿಬೆಲ್ಲದ ವಿಷಯ. ನಗಬೇಡಿ, ನಿಮಗೆಲ್ಲ ಗೊತ್ತಿರುವುದೇ. ಬೇಸಗೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲಾಗಿ ಒಂದು ಕೊರಿಯರ್ ವಾಹನದೊಳಗೆ ಇತರರ ಪೆಟ್ಟಿಗೆಗಳ ಮೇಲೆಲ್ಲ ಹರಿಯಿತು. ಯಾರದೋ ಮದುವೆ ಸೀರೆ ಇತ್ತಂತೆ. ನಾವು ದಂಡ ಕಟ್ಟಿದೆವು. ಅದಕ್ಕಿಂತ ಕೆಟ್ಟದ್ದು ಮಾಲು ತಲುಪಿದ ಮೇಲೆ ಹಣ ಕೊಡುವ ಪದ್ಧತಿ. ಗಿರಾಕಿ ಮನೆಯಲ್ಲಿಲ್ಲ, ಅಥವಾ ಮನಸ್ಸು ಬದಲಾಯಿತು ಅಂದರೆ ಪೆಟ್ಟಿಗೆ ವಾಪಸು. ಹೋದ ಬಾಡಿಗೆಯೂ ನಮ್ಮದು, ಬಂದ ಬಾಡಿಗೆಯೂ ನಮ್ಮದು. ಒಂದು ಪೆಟ್ಟಿಗೆ ಉಪ್ಪಿನಕಾಯಿ ಮೂರು ವಾರ ಊರು ಸುತ್ತಿ ನಮ್ಮ ಬಾಗಿಲಿಗೇ ಬಂತು.

ಹಿರಿಯರಿಗೆ ನೆನಪಿರಬಹುದು, ಇದು ಹೊಸ ಪದ್ಧತಿಯೇನಲ್ಲ. ನಮ್ಮ ಅಂಚೆಯಲ್ಲಿ ವಿ.ಪಿ.ಪಿ. ಬಂದದ್ದು 1877ರಲ್ಲಿ. ನಮ್ಮ ಅಜ್ಜನ ಕಾಲದಲ್ಲಿ ಪುಸ್ತಕ, ಪಂಚಾಂಗ, ಔಷಧದ ಶೀಶೆ ಎಲ್ಲ ವಿ.ಪಿ.ಯಲ್ಲೇ ಮನೆಗೆ ಬರುತ್ತಿದ್ದವು. ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಟ್ಟು ಕಟ್ಟು ಬಿಡಿಸಿಕೊಳ್ಳುವುದು. ಅದಕ್ಕೂ ಹಿಂದೆ, 1854ರಲ್ಲಿ, ಕಾಗದಕ್ಕೆ ದೂರ ನೋಡದೆ ತೂಕಕ್ಕೆ ಮಾತ್ರ ದರ ಅಂತ ಕಾಯಿದೆ ಆಯಿತು. ಅರ್ಧ ಆಣೆಯ ಟಿಕೇಟು ಹಚ್ಚಿದರೆ ಪಕ್ಕದೂರಿಗೂ ಅಷ್ಟೇ, ಕಲ್ಕತ್ತೆಗೂ ಅಷ್ಟೇ. ಹತ್ತಿರದವನು ಕೊಟ್ಟ ಕಾಸಿನಲ್ಲಿ ದೂರದವನ ಕಾಗದವೂ ಹೋಗುತ್ತಿತ್ತು. ನಮಗೆ ಈ ಸಂಗತಿ ತಿಳಿದಾಗ ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅಂಚೆಯವರೂ ಈಗ ಪಾರ್ಸಲ್ಲಿಗೆ ದೂರ ನೋಡುತ್ತಾರೆ, ಮತ್ತು ತಿಂಗಳಿಗೆ ಬಹಳ ಕಳಿಸುವವರಿಗೆ ರಿಯಾಯಿತಿ ಕೊಡುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿ ಇರಬಹುದು. ಆದರೆ ರಿಯಾಯಿತಿ ಸಿಗುವುದು ಯಾರಿಗೆ ಬೇಡವೋ ಅವರಿಗೆ.

ಸರಕಾರ ಏನೂ ಮಾಡಿಲ್ಲ ಅನ್ನುವ ಹಾಗಿಲ್ಲ. 2020ರ ಆಗಸ್ಟಿನಲ್ಲಿ ಕಿಸಾನ್ ರೈಲು ಬಿಟ್ಟು ಹಣ್ಣು ತರಕಾರಿಗೆ ಅರ್ಧ ಬಾಡಿಗೆಯ ಸಹಾಯಧನ ಕೊಟ್ಟರು. ಅದು 2022ರ ಮಾರ್ಚಿಗೆ ಮುಗಿಯಿತು. ರೈಲು ತುಂಬಿಸುವ ಮಾಲು ನಮ್ಮಲ್ಲಿ ಇರಲೂ ಇಲ್ಲ. ಕೆ.ಎಸ್.ಆರ್.ಟಿ.ಸಿ.ಯವರು 2021ರ ಫೆಬ್ರವರಿಯಲ್ಲಿ ನಮ್ಮ ಕಾರ್ಗೋ ಅಂತ ಬಸ್ಸಿನಲ್ಲಿ ಪಾರ್ಸಲ್ ಸಾಗಿಸುವ ಸೇವೆ ತೆರೆದರು. ಅದು ನಮಗೆ ಉಪಯೋಗಕ್ಕೆ ಬಿದ್ದಿದೆ. ನಮಗೆ ಬಹಳ ಹಿಡಿಸಿದ್ದು ಮಾವಿನವರ ಕೆಲಸ. ರಾಜ್ಯದ ಮಾವು ನಿಗಮದವರು ಅಂಚೆ ಇಲಾಖೆಯೊಡನೆ ಸೇರಿ 2019ರಿಂದ ರೈತರ ಹಣ್ಣನ್ನು 3 ಕೆ.ಜಿ. ಪೆಟ್ಟಿಗೆಯಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸಿದರು. ಅಲ್ಲಿ ಗಮನಿಸಬೇಕಾದ್ದು ಏನೆಂದರೆ, ಹಣ್ಣು ಮೊದಲು ರಾಶಿಯಾಗಿ ಪಟ್ಟಣಕ್ಕೆ ಹೋಗುತ್ತದೆ, ಪಟ್ಟಣದೊಳಗೆ ಮಾತ್ರ ಒಂದೊಂದು ಪೆಟ್ಟಿಗೆಯಾಗುತ್ತದೆ.

ನಮಗೂ ದಾರಿ ತೋರಿದ್ದು ಇದೇ ವಿಚಾರ, ಆದರೆ ನಿಜ ಹೇಳಬೇಕೆಂದರೆ ಅದು ತಲೆಗೆ ಹೋದದ್ದು ನಮ್ಮೂರ ಡೇರಿಯ ಮುಂದೆ ನಿಂತಾಗ. ಹಾಲಿನ ವಾಹನ ಬೆಳಿಗ್ಗೆ ಊರೂರು ಸುತ್ತಿ ಕ್ಯಾನು ಎತ್ತಿಕೊಂಡು ಹೋಗುತ್ತದಲ್ಲ, ಅದರಲ್ಲಿ ಎರಡೇ ಕ್ಯಾನಿನ ಊರೂ ಇದೆ, ಇಪ್ಪತ್ತು ಕ್ಯಾನಿನ ಊರೂ ಇದೆ. ಕಾಡಿನ ತುದಿಯ ಊರಿನವನಿಗೂ ರಸ್ತೆ ಬದಿಯವನಿಗೂ ಒಂದೇ ಗುಣದ ಹಾಲಿಗೆ ಒಂದೇ ದರ. ವಾಹನದ ಖರ್ಚನ್ನು ಒಟ್ಟು ಹಾಲಿನ ಮೇಲೆ ಹಂಚಿರುತ್ತಾರೆ. ಎರಡು ಕ್ಯಾನಿನವನು ತಾನೇ ಬಾಡಿಗೆ ಕೊಟ್ಟು ಹಾಲು ಸಾಗಿಸಬೇಕಾಗಿದ್ದರೆ ಅವನ ಕೊಟ್ಟಿಗೆ ಎಂದೋ ಖಾಲಿಯಾಗುತ್ತಿತ್ತು. ನಾವು ದಿನಾ ಕಣ್ಣೆದುರಿಗೆ ನೋಡುತ್ತಿದ್ದ ಪದ್ಧತಿಯನ್ನು ಬಿಟ್ಟು ಅಮೆಜಾನಿನವರ ಹಾಗೆ ಮಾಡಲು ಹೋಗಿದ್ದೆವು.

2023ರ ಜೂನ್‌ನಿಂದ ಹೊಸ ಏರ್ಪಾಡು. ಹದಿನೈದು ದಿನಕ್ಕೊಮ್ಮೆ ಗುರುವಾರ ಎಲ್ಲರ ಬೇಡಿಕೆಯನ್ನೂ ಸೇರಿಸಿ ಒಂದೇ ಲೋಡು. ಬೆಂಗಳೂರಿನಿಂದ ನಮ್ಮ ಪೇಟೆಗೆ ಕಿರಾಣಿ ತರುವ ಲಾರಿ ಹಿಂದಿರುಗುವಾಗ ಹೆಚ್ಚಾಗಿ ಖಾಲಿಯೇ ಹೋಗುತ್ತದೆ. ಅದರ ಮಾಲೀಕರೊಡನೆ ಮಾತನಾಡಿ ಕೆ.ಜಿ.ಗೆ ನಾಲ್ಕು ರೂಪಾಯಿಗೆ ಕುದುರಿಸಿದೆವು. ಮಾಲು ಕಡಿಮೆ ಇದ್ದರೆ ರಾತ್ರಿ ಬಸ್ಸು. ಅಲ್ಲಿ ಏಳು ಕಡೆ ನಮ್ಮೂರಿನವರ ಮನೆಗಳಿವೆ. ಅಲ್ಲಿಗೆ ಮೂಟೆ ಇಳಿಯುತ್ತದೆ, ಆ ಬಡಾವಣೆಯವರು ಬಂದು ಒಯ್ಯುತ್ತಾರೆ. ಮನೆಬಾಗಿಲಿಗೇ ಬೇಕು ಅನ್ನುವವರು ಅಲ್ಲಿಂದ ಮುಂದಿನ ಖರ್ಚು ತಾವೇ ಕೊಡಬೇಕು. ಒಂದು ಸೋಜಿಗ ನೋಡಿ: ಇಲ್ಲಿಂದ ಯಶವಂತಪುರಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಗೆ ಕೆ.ಜಿ.ಗೆ 4 ರೂಪಾಯಿ. ಯಶವಂತಪುರದಿಂದ ಜಯನಗರದ ಒಂದು ಮನೆಯ ಮೆಟ್ಟಿಲಿಗೆ, ಹದಿನೈದು ಕಿಲೋಮೀಟರಿಗೆ, ಹುಡುಗನೊಬ್ಬ ಸ್ಕೂಟರಿನಲ್ಲಿ ಒಯ್ದರೆ 80 ರೂಪಾಯಿ. ದೂರ ತಿನ್ನುವುದು ಸ್ವಲ್ಪ. ಬಿಡಿಬಿಡಿಯಾಗಿ ಬಾಗಿಲು ಬಾಗಿಲಿಗೆ ಹೋಗುವುದೇ ತಿನ್ನುವುದು.

ಇದರಿಂದ ಎಲ್ಲ ಸುಖವಾಯಿತು ಅಂದರೆ ಸುಳ್ಳಾದೀತು. ಜಗಳ ಹೊರಗಿನಿಂದ ಒಳಗೆ ಬಂತು. ಕಾಳುಮೆಣಸಿನ ಸದಸ್ಯರು ಎದ್ದು ನಿಂತರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆಗ ಮೆಣಸು ಕೆ.ಜಿ.ಗೆ ಐನೂರರ ಆಸುಪಾಸು. ಒಂಟಿಯಾಗಿ ಅಂಚೆಯಲ್ಲಿ ಹೋದರೂ ಒಂದು ಕೆ.ಜಿ.ಗೆ 106 ರೂಪಾಯಿ 20 ಪೈಸೆ ಬೀಳುತ್ತಿತ್ತು, ಅಂದರೆ ಬೆಲೆಯ ಐದನೇ ಒಂದು ಪಾಲು. ಮೆಣಸು ಅದನ್ನು ತಾಳುತ್ತದೆ. ಎಪ್ಪತ್ತು ರೂಪಾಯಿಯ ಬೆಲ್ಲ ತಾಳುವುದಿಲ್ಲ. "ನಮ್ಮ ಮಾಲಿಗೆ ಗಿರಾಕಿ ಹದಿನೈದು ದಿನ ಕಾಯೋದಿಲ್ಲ. ಬೆಲ್ಲದ ಗಾಡಿಗೆ ನಮ್ಮನ್ನು ಯಾಕೆ ಕಟ್ಟುತ್ತೀರಿ?" ಅಂದರು. ಇಬ್ಬರು ಸದಸ್ಯರು ಮೆಣಸನ್ನು ಸಂಘಕ್ಕೆ ಹಾಕುವುದನ್ನೇ ಬಿಟ್ಟರು. ಅವರು ಈ ಸಭೆಯಲ್ಲೂ ಇದ್ದಾರೆ, ಅವರ ಮೇಲೆ ನಮಗೆ ಬೇಸರವಿಲ್ಲ. ನಾವೂ ಮೆಣಸು ಬೆಳೆಯುವವರೇ. ಲಾಭ ಮಾತ್ರ ನೋಡಿದ್ದರೆ ನಾವೂ ಹೋಗುತ್ತಿದ್ದೆವು.

ಕೊನೆಗೆ ಮೂರು ಸಭೆ ಮಾಡಿ ಒಂದು ನಡುದಾರಿ ಹಿಡಿದೆವು. ಲಾರಿ ಬಾಡಿಗೆಯನ್ನು ಎಲ್ಲರೂ ತೂಕದ ಪ್ರಕಾರ ಕೊಡುವುದು. ಬೆಂಗಳೂರಿನಲ್ಲಿ ಇಳಿಸುವ, ವಿಂಗಡಿಸುವ, ಹಣ ವಸೂಲು ಮಾಡುವ ಖರ್ಚನ್ನು ಮಾಲಿನ ಬೆಲೆಯ ಪ್ರಕಾರ ಹಂಚುವುದು. ಆಗ ಮೆಣಸಿನವರ ಪಾಲು ಸ್ವಲ್ಪ ಏರುತ್ತದೆ, ಆದರೆ ಅಂಚೆಗಿಂತ ಬಹಳ ಕಡಿಮೆ. ತುರ್ತು ಬೇಡಿಕೆಯ ಮೆಣಸು, ಏಲಕ್ಕಿ ಅಂಚೆಯಲ್ಲೇ ಹೋಗಲಿ, ಖರ್ಚು ಗಿರಾಕಿಯದು. ಬಿಲ್ಲಿನಲ್ಲಿ ಮಾಲಿನ ಬೆಲೆ ಬೇರೆ, ಸಾಗಾಟ ಬೇರೆ, ಎರಡನ್ನೂ ಕಾಣಿಸಬೇಕು. ಪುಕ್ಕಟೆ ಅನ್ನುವ ಶಬ್ದವನ್ನು ನಮ್ಮ ಕರಪತ್ರದಿಂದ ತೆಗೆದುಹಾಕಿದೆವು. ಮೊದಲ ಆರು ತಿಂಗಳು ಗಿರಾಕಿಗಳು ಮೂರರಲ್ಲಿ ಒಂದು ಪಾಲು ಕಳಚಿಕೊಂಡರು. ಉಳಿದವರು ಈಗಲೂ ಇದ್ದಾರೆ. ಹತ್ತು ನಿಮಿಷದಲ್ಲಿ ಬೇಕು ಅನ್ನುವವರು ನಮ್ಮ ಗಿರಾಕಿಗಳಲ್ಲ, ಅವರ ಹಿಂದೆ ಓಡುವ ಕಾಲು ನಮಗಿಲ್ಲ.

ಮುಂಬಯಿಯ ಮಾತು ಕೇಳುತ್ತೀರಿ. ಮಾಟುಂಗ, ಡೊಂಬಿವಲಿ ಕಡೆ ನಮ್ಮ ಕನ್ನಡದವರು ಬಹಳ, ಬೇಡಿಕೆಯೂ ಇದೆ. ಆದರೆ ತೆರಿಗೆ ಬೀಳುವ ಮಾಲನ್ನು ರಾಜ್ಯದ ಗಡಿ ದಾಟಿಸಿ ಮಾರಬೇಕಾದರೆ ವ್ಯವಹಾರ ಎಷ್ಟೇ ಸಣ್ಣದಿದ್ದರೂ ಜಿ.ಎಸ್.ಟಿ. ನೋಂದಣಿ ಬೇಕು. ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಬೆಲ್ಲಕ್ಕೂ 2022ರ ಜುಲೈ 18ರಿಂದ ನೂರಕ್ಕೆ 5 ತೆರಿಗೆ ಬಂತು. ಸಂಘಕ್ಕೆ ನೋಂದಣಿ ಇದೆ, ಆದ್ದರಿಂದ ನಮಗೆ ತೊಡಕಿಲ್ಲ. ಮನೆಯಲ್ಲೇ ಉಪ್ಪಿನಕಾಯಿ ಹಾಕುವ ಒಬ್ಬ ಹೆಂಗಸು ತಾನೇ ಇದನ್ನೆಲ್ಲ ಮಾಡಲು ಸಾಧ್ಯವೇ? ಮುಂಬಯಿಯಲ್ಲಿಯೂ ಒಂದೆರಡು ಮನೆ ಗೊತ್ತಾದರೆ ತಿಂಗಳಿಗೊಂದು ಲೋಡು ಕಳಿಸಬಹುದು. ಮನೆ ಗೊತ್ತಾಗುವ ತನಕ ಬೇಡ ಎಂದು ನಮ್ಮ ಅಭಿಪ್ರಾಯ.

ಈಗ ಮುಚ್ಚುವ ವಿಚಾರ. ಕಳೆದ ವರ್ಷ ವಿಭಾಗಕ್ಕೆ ನಷ್ಟವಿಲ್ಲ, ಉಳಿದದ್ದು 6,200 ರೂಪಾಯಿ. ಇಷ್ಟಕ್ಕೆ ಇಷ್ಟು ಗದ್ದಲ ಯಾಕೆ, ಗೊಬ್ಬರದ ಕೌಂಟರಿನಲ್ಲಿ ಇದರ ಹತ್ತು ಪಟ್ಟು ಬರುತ್ತದಲ್ಲ ಎಂದು ಕೆಲವರು ಹೇಳಿದ್ದು ನಮ್ಮ ಕಿವಿಗೂ ಬಿದ್ದಿದೆ. ಆದರೆ ಈ ವಿಭಾಗಕ್ಕೆ ಹಪ್ಪಳ, ಉಪ್ಪಿನಕಾಯಿ ಹಾಕುವ ತಾಯಂದಿರು 23 ಜನ. ಅವರಲ್ಲಿ ಎಂಟು ಮನೆಗೆ ತೋಟವೇ ಇಲ್ಲ. ಸಂಘ ಕೊಡುವ ಹಪ್ಪಳದ ದರಕ್ಕೂ ಮೊದಲು ಮನೆಗೆ ಬರುತ್ತಿದ್ದ ವ್ಯಾಪಾರಿ ಕೊಡುತ್ತಿದ್ದ ದರಕ್ಕೂ ನೂರಕ್ಕೆ ಹದಿನೆಂಟು ರೂಪಾಯಿ ಅಂತರ ಇದೆ. ವಿಭಾಗ ಮುಚ್ಚಿದರೆ ಅದೇ ವ್ಯಾಪಾರಿ ಮಾರನೆಯ ದಿನ ಬರುತ್ತಾರೆ, ಹಳೆಯ ದರದಲ್ಲಿ. ಆ ಅಂತರ ನಮ್ಮ ಲಾಭ-ನಷ್ಟದ ಪಟ್ಟಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ, ಆದ್ದರಿಂದ 6,200 ಮಾತ್ರ ಕಾಣುತ್ತದೆ. ಹಟ ಮಾಡಿ ನಷ್ಟ ಮಾಡಿದವರು ನಾವು. ಅದರ ಭಾರ ಅವರ ಮೇಲೆ ಬೀಳಬಾರದು ಎಂದು ಈ ಸಭೆಯಲ್ಲಿ ಕೇಳಿಕೊಳ್ಳುತ್ತೇವೆ. ಮತಕ್ಕೆ ಹಾಕುವಾಗ ಆ ಎಂಟು ಮನೆಯವರೂ ಸಭೆಯಲ್ಲಿರಲಿ, ಷೇರುದಾರರಲ್ಲದಿದ್ದರೂ ಅವರ ಮಾತು ಕೇಳಿ.

ಸಮಯ ಮೀರಿತು ಅಂತ ಕಾರ್ಯದರ್ಶಿಗಳು ಕೈಸನ್ನೆ ಮಾಡುತ್ತಿದ್ದಾರೆ. ಒಂದೇ ಪ್ರಕಟಣೆ. ಮುಂದಿನ ಲೋಡು ಈ ಗುರುವಾರ. ಜೋನಿಬೆಲ್ಲದವರು ಒಳಮುಚ್ಚಳ ಇರುವ ಡಬ್ಬಿಯಲ್ಲೇ ತನ್ನಿ, ಹಳೆಯ ಡಬ್ಬಿ ತಂದರೆ ವಾಪಸು ಕಳಿಸುತ್ತೇವೆ. ಸಂಜೆ ನಾಲ್ಕಕ್ಕೆ ತೂಕ ಮುಗಿಯುತ್ತದೆ, ಲಾರಿ ಐದಕ್ಕೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ.